ಪಾರ್ಕ್ ಸುಧಾರಣೆಗೆ ಪಟ್ಟಿ ಕೊಡಿ ಅಂದಿದ್ದಾರೆ, ಕಲಬುರಗಿ ಬಿಸಿಲಿಗೆ ಏನು ಕೇಳಬೇಕು?

ರಿಂಗ್‌ರೋಡ್ ಪಕ್ಕದವ

ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿ ರಿಂಗ್ ರೋಡ್ ಹತ್ತಿರದ ಒಂದು ಬಡಾವಣೆ ನಮ್ಮದು. ಹೆಚ್ಚೂಕಡಿಮೆ ಒಂದು ಎಕರೆ ಪಾರ್ಕ್ ಇದೆ. ಪಾರ್ಕ್ ಅಂದರೆ ಒಂದು ಕಾಂಪೌಂಡು, ಗೇಟು, ಮೇಲೆದ್ದ ಪೇವರ್‌ಗಳು, ನಾಲ್ಕಾರು ಓಪನ್ ಜಿಮ್ ಸಾಮಾನು, ಮೂಲೆಯಲ್ಲಿ ಎರಡು ದೊಡ್ಡ ಬೇವಿನ ಮರ. ಜನ ಕೂರುವುದು ಆ ಬೇವಿನ ಕೆಳಗೆ ಮಾತ್ರ. ಉಳಿದ ಜಾಗದಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ನಾಯಿಯೂ ನಿಲ್ಲುವುದಿಲ್ಲ.

ಈಗ ವಾರ್ಡಿನ ಪಾರ್ಕುಗಳಿಗೆ ದುಡ್ಡು ಬರುವ ಸುದ್ದಿ ಇದೆ. ಏನೇನು ಬೇಕು ಅಂತ ಬಡಾವಣೆಯವರೇ ಒಂದು ಪಟ್ಟಿ ಬರೆದು ಕೊಡಿ ಎಂದಿದ್ದಾರೆ. ಕೇಳಿದ್ದೇ ದೊಡ್ಡದು ಅನ್ನಿ. ಆದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೆ ಕಾರಂಜಿ ಬೇಕು, ಇನ್ನೊಬ್ಬರಿಗೆ ಬಣ್ಣದ ದೀಪದ ಸೆಲ್ಫಿ ಪಾಯಿಂಟ್, ಮತ್ತೊಬ್ಬರಿಗೆ ಇಡೀ ಜಾಗಕ್ಕೆ ಲಾನ್, ಹಿರಿಯರೊಬ್ಬರಿಗೆ ಮೂಲೆಯಲ್ಲಿ ಸಣ್ಣದೊಂದು ಗುಡಿ. ಹುಡುಗರಂತೂ ಏನೂ ಮಾಡಬೇಡಿ, ಬಯಲು ಹಾಗೇ ಬಿಡಿ, ಕ್ರಿಕೆಟ್ ಆಡುತ್ತೇವೆ ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ.

ನನಗಿರುವ ಅನುಮಾನ ಇಷ್ಟು. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲಿ. ನೆಲ ಎರೆ, ಅಂದರೆ ಕಪ್ಪು ಮಣ್ಣು. ನೀರು ಯಾವತ್ತೂ ಕಡಿಮೆ. ಬೆಂಗಳೂರಿನ ಪಾರ್ಕಿನ ಫೋಟೋ ತೋರಿಸಿ ಇದೇ ಥರ ಮಾಡಿ ಅಂದರೆ ಇಲ್ಲಿ ಅದು ಎಷ್ಟು ದಿನ ಉಳಿಯುತ್ತದೆ? ಹಾಗಾದರೆ ಮೊದಲು ಏನು ಕೇಳಬೇಕು, ಆಮೇಲೆ ಏನು, ಯಾವುದನ್ನು ಕೇಳಲೇಬಾರದು? ಮತ್ತೆ ಆಮೇಲೆ ನೋಡಿಕೊಳ್ಳುವವರು ಯಾರು? ಭಾನುವಾರ ಸಂಜೆ ಪಬ್ಲಿಕ್ ಗಾರ್ಡನ್ ಕಡೆ ಹೋದವರಿಗೆ ಗೊತ್ತು, ಅರ್ಧ ಊರು ಅಲ್ಲೇ ಇರುತ್ತದೆ. ಬಡಾವಣೆಯ ಪಾರ್ಕು ನೆಟ್ಟಗಿದ್ದರೆ ಜನ ಅಷ್ಟು ದೂರ ಯಾಕೆ ಹೋಗುತ್ತಾರೆ ಅಲ್ವಾ? ಅನುಭವ ಇದ್ದವರು ಹೇಳಿ.

---

ಎರೆಮಣ್ಣು

ಸೈಟ್ ಕೆಲಸ ಮಾಡಿಸುವವನು ನಾನು, ಅದಕ್ಕೇ ನೆಲದಿಂದ ಶುರು ಮಾಡುತ್ತೇನೆ. ನಿಮ್ಮ ಪೇವರ್ ಎದ್ದಿರುವುದಕ್ಕೆ ಪೇವರ್ ಮೇಲೆ ಸಿಟ್ಟಾಗಬೇಡಿ, ಕೆಳಗಿನ ಮಣ್ಣು ನೋಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ಹೀಗೆ ಮೇಲೆ ಕೆಳಗೆ ಆಡುವ ನೆಲದ ಮೇಲೆ ಒಂದಿಷ್ಟು ಮರಳು ಹರಡಿ ಪೇವರ್ ಜೋಡಿಸಿದರೆ ಎರಡು ಮಳೆಗಾಲದಲ್ಲಿ ಅದು ಅಲೆ ಅಲೆಯಾಗುತ್ತದೆ. ಅಂಚಿನ ಕರ್ಬ್ ಕಲ್ಲು ಮೊದಲು ವಾಲುತ್ತದೆ, ಆಮೇಲೆ ಅದರ ಪಕ್ಕದ ಸಾಲು, ಆಮೇಲೆ ಎಲ್ಲ. ವಯಸ್ಸಾದವರ ಕಾಲಿಗೆ ತೊಡರುವುದು ಆ ಎದ್ದ ಅಂಚೇ.

ಸರಿಯಾದ ಕೆಲಸ ಅಂದರೆ ಎರೆಯನ್ನು ಎರಡು ಮೂರು ಅಡಿ ತೆಗೆದು ಗರಸು, ಅಂದರೆ ಮೊರಮ್ ಮಣ್ಣು ತುಂಬಿ, ಪದರ ಪದರಕ್ಕೂ ನೀರು ಹೊಡೆದು ರೋಲರ್ ಓಡಿಸಬೇಕು. ಅದು ದುಬಾರಿ. ಎಸ್ಟಿಮೇಟಿನಲ್ಲಿ ಬರೆದಿದ್ದರೂ ಕೆಲಸದ ದಿನ ಯಾರಾದರೂ ಗುಂಡಿಯ ಆಳ ಅಳೆದರಾ ಅಂತ ಕೇಳಿ ನೋಡಿ, ಉತ್ತರ ನಿಮಗೇ ಸಿಗುತ್ತದೆ.

ನನ್ನ ಸಲಹೆ ಕೇಳಿದರೆ ಪೇವರೇ ಬೇಡ. ಗರಸಿನ ದಾರಿ ಮಾಡಿಸಿ. ಎರಡೂ ಅಂಚಿಗೆ ಶಹಾಬಾದ್ ಕಲ್ಲು ನಿಲ್ಲಿಸಿ, ಮಧ್ಯ ಗರಸು ಹಾಕಿ ದಮ್ಮಸು ಹೊಡೆಸಿ, ನಡುವೆ ಸ್ವಲ್ಪ ಉಬ್ಬಿಸಿ, ನೀರು ಎರಡೂ ಕಡೆ ಇಳಿಯಲಿ. ನಡೆಯುವವರ ಮಂಡಿಗೂ ಒಳ್ಳೆಯದು, ಬಿಸಿಲಿಗೆ ಸಿಮೆಂಟಿನಷ್ಟು ಕಾಯುವುದೂ ಇಲ್ಲ. ಕೆಟ್ಟರೆ ಎರಡು ಟ್ರಾಲಿ ಗರಸು ಹಾಕಿದರೆ ಮತ್ತೆ ಸರಿ. ಒಂದು ಎಕರೆ ಚೌಕ ಅಂದರೆ ಸುತ್ತಳತೆ 250 ಮೀಟರ್ ಹತ್ತಿರ ಬರುತ್ತದೆ, ನಾಲ್ಕು ಸುತ್ತು ಹಾಕಿದರೆ ಒಂದು ಕಿಲೋಮೀಟರ್. ಅಷ್ಟು ಸಾಕಲ್ವಾ. ವೀಲ್‌ಚೇರ್‌ಗೆ ಮಾತ್ರ ಗರಸು ಕಷ್ಟ. ಹಾಗಾಗಿ ಗೇಟಿನಿಂದ ಬೇವಿನ ಮರದವರೆಗೆ ಒಂದು ಪಟ್ಟಿ ಗಟ್ಟಿ ಕಾಂಕ್ರೀಟ್ ಇರಲಿ, ಮೆಟ್ಟಿಲು ಬೇಡ, ಇಳಿಜಾರು ಇರಲಿ.

ನೀರು ಹೋಗುವ ದಾರಿ ಮೊದಲು ನೋಡಿ. ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಮಳೆ ಜೋರು. ರಸ್ತೆ ವರ್ಷ ವರ್ಷ ಎತ್ತರ ಆಗಿ ಪಾರ್ಕು ತಗ್ಗಾಗಿರುತ್ತದೆ, ಬೀದಿ ನೀರೆಲ್ಲ ಒಳಗೆ. ಅದಕ್ಕೆ ಒಂದು ಮೂಲೆಯಲ್ಲಿ ಇಂಗುಗುಂಡಿ ಮಾಡಿಸಿ. ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ, ಕೆಳಗಿನ ಗರಸು ಅಥವಾ ಕಲ್ಲು ಸಿಗುವವರೆಗೆ ತೋಡಬೇಕು. ಇಲ್ಲದಿದ್ದರೆ ಇಂಗುಗುಂಡಿ ಹೆಸರಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ.

ಕಾರಂಜಿಗೆ ನಾನು ಕೈ ಮುಗಿಯುತ್ತೇನೆ. ನಮ್ಮ ಬೋರ್ ನೀರಿನ ಉಪ್ಪಿಗೆ ನಾಝಲ್ ಎಲ್ಲ ಬಿಳಿ ಗಟ್ಟಿಯಾಗಿ ಮುಚ್ಚಿಹೋಗುತ್ತವೆ.

---

ಬೇವಿನಕಟ್ಟೆ

ಮೇಲಿನವರು ನೆಲದ ಬಗ್ಗೆ ಹೇಳಿದ್ದಾರೆ, ನಾನು ನೆರಳಿನ ಬಗ್ಗೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ನೋಡಿ: ಜನ ಬೇವಿನ ಕೆಳಗೆ ಮಾತ್ರ ಕೂರುತ್ತಾರೆ. ಹಾಗಾದರೆ ಆ ಎರಡು ಮರ ನಲವತ್ತು ಆಗಬೇಕು, ಅಷ್ಟೇ ನಿಮ್ಮ ಯೋಜನೆ. ಉಳಿದದ್ದೆಲ್ಲ ಅದಾದ ಮೇಲೆ.

ಲಾನ್ ಕೇಳಿದವರಿಗೆ ಈ ಲೆಕ್ಕ ತೋರಿಸಿ. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರ್‌ಗೆ ದಿನಕ್ಕೆ 5 ಲೀಟರ್ ನೀರಾದರೂ ಬೇಕು. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಅಂದರೆ ದಿನಕ್ಕೆ 10,000 ಲೀಟರ್, 5,000 ಲೀಟರ್‌ನ ಎರಡು ಟ್ಯಾಂಕರ್, ಪ್ರತಿದಿನ. ನಲ್ಲಿ ನೀರಿಗೆ ಜನ ಕೊಡ ಸಾಲು ಇಟ್ಟು ಕಾಯುವ ಊರಲ್ಲಿ ಹುಲ್ಲಿಗೆ ಟ್ಯಾಂಕರ್ ಬಂದರೆ ಯಾರಾದರೂ ಸುಮ್ನೆ ಇರುತ್ತಾರಾ? ಇರಬಾರದು ಕೂಡ. ಅದೇ ನಲವತ್ತು ಗಿಡಕ್ಕೆ ವಾರಕ್ಕೆ ಎರಡು ಸಲ 20 ಲೀಟರ್ ಹಾಕಿದರೆ ವಾರಕ್ಕೆ 1,600 ಲೀಟರ್. ಲಾನ್‌ಗೆ ವಾರಕ್ಕೆ 70,000. ಮೂರು ಬೇಸಿಗೆ ದಾಟಿಸಿದರೆ ಬೇವು, ಹೊಂಗೆ ತಮ್ಮ ಪಾಡಿಗೆ ತಾವು ಬದುಕುತ್ತವೆ, ಹುಲ್ಲಿಗೆ ಮಾತ್ರ ಸಾಯುವವರೆಗೆ ನೀರು ಬೇಕು.

ಪಾರ್ಕಿನ ನಾಲ್ಕೂ ಬದಿ ಏಳು ಮೀಟರ್‌ಗೆ ಒಂದರಂತೆ ಹಚ್ಚಿದರೆ ಮೂವತ್ತೈದು ಮರ ಹಿಡಿಯುತ್ತವೆ. ಪಡುವಣ ಬದಿಯಿಂದ ಶುರು ಮಾಡಿ, ಸಂಜೆ ಬಿಸಿಲು ಬೀಳುವುದು ಆ ಕಡೆಯಿಂದ, ಜನ ಬರುವುದೂ ಸಂಜೆಗೇ. ಬೇವು, ಹೊಂಗೆ, ಹುಣಸೆ, ನೇರಳೆ ಕಲಸಿ ಹಚ್ಚಿ. ನೇರಳೆ ಹಣ್ಣು ಬಿದ್ದು ದಾರಿ ಕಲೆಯಾಗುತ್ತದೆ, ಅದಕ್ಕೆ ಅದು ದಾರಿಯಿಂದ ದೂರ ಇರಲಿ, ಹುಡುಗರು ಹುಡುಕಿಕೊಂಡು ಹೋಗುತ್ತಾರೆ. ಆಲ ಅರಳಿ ಒಂದೊಂದು ಸಾಕು, ಕಾಂಪೌಂಡಿಗೆ ಹತ್ತಿರ ಬೇಡ. ಗಿಡ ಮೊಳಕಾಲೆತ್ತರದ್ದು ತರಬೇಡಿ, ಐದಾರು ಅಡಿ ಬೆಳೆದದ್ದು ಕೇಳಿ. ಮೊದಲ ಮಳೆ ಚೆನ್ನಾಗಿ ಬಿದ್ದ ಮೇಲೆ ಜೂನ್ ಕೊನೆ, ಜುಲೈಗೆ ಹಚ್ಚಿ. ಜೂನ್ 5ಕ್ಕೆ ಪರಿಸರ ದಿನ ಅಂತ ಕಾದ ನೆಲದಲ್ಲಿ ಗಿಡ ಇಟ್ಟು ಫೋಟೋ ತೆಗೆಸಿಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ಫೋಟೋ ಉಳಿಯುತ್ತದೆ.

ಒಂದು ಎಚ್ಚರಿಕೆ. ಬೇಗ ಹಸಿರಾಗುತ್ತದೆ ಅಂತ ಯಾರಾದರೂ ಕೋನೋಕಾರ್ಪಸ್ ಅನ್ನುವ ವಿದೇಶಿ ಗಿಡ ಹೇಳಿದರೆ ಬೇಡ ಅನ್ನಿ. ಬೇರು ಪೈಪು, ಡ್ರೈನೇಜ್ ಎಲ್ಲ ಹೊಕ್ಕು ಹಾಳು ಮಾಡುತ್ತದೆ, ಅದರ ಪರಾಗದಿಂದ ಅಲರ್ಜಿ ದೂರು ಬೇರೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿತು.

ಮರ ಬೆಳೆಯುವವರೆಗೆ ಏನು ಅಂತ ಕೇಳಬಹುದು. ಕಬ್ಬಿಣದ ಪೈಪಿಗೆ ಹಸಿರು ಶೇಡ್ ನೆಟ್ ಕಟ್ಟಿಸಿ, ಮಕ್ಕಳ ಆಟದ ಸಾಮಾನಿನ ಮೇಲೆ ಮತ್ತು ಬೆಂಚುಗಳ ಮೇಲೆ. ಆ ಎರಡು ಬೇವಿಗೆ ಸುತ್ತ ಕಟ್ಟೆ ಕಟ್ಟಿಸಿ, ಆದರೆ ಬುಡಕ್ಕೆ ಸಿಮೆಂಟ್ ಹಾಕಿಸಬೇಡಿ. ಬುಡದಿಂದ ಒಂದು ಮೀಟರ್ ಮಣ್ಣು ಬಿಟ್ಟು ಕಟ್ಟೆ ಏಳಿಸಿ, ಕೂರುವ ಎತ್ತರ ಒಂದೂವರೆ ಅಡಿ. ಬುಡಕ್ಕೆ ಮಣ್ಣು ಏರಿಸಿದರೂ ಮರ ಸಾಯುತ್ತದೆ, ನಿಧಾನಕ್ಕೆ, ಯಾರಿಗೂ ಕಾರಣ ಗೊತ್ತಾಗದ ಹಾಗೆ.

---

ಟೆನ್ನಿಸ್‌ಬಾಲ್

ಎಲ್ಲ ಸರಿ ಅಣ್ಣಾ, ನಾಲ್ಕೂ ಕಡೆ ಮರ, ಸುತ್ತ ದಾರಿ, ಮಧ್ಯ ಬೆಂಚು. ನಾವೆಲ್ಲಿ ಆಡಬೇಕು?

ಪಾರ್ಕ್ ಅಭಿವೃದ್ಧಿ ಅಂದ ಕೂಡಲೇ ಮೊದಲು ಬರುವುದು "ಇಲ್ಲಿ ಆಟವಾಡಬಾರದು" ಅನ್ನುವ ಬೋರ್ಡು. ಎನ್.ವಿ. ಮೈದಾನಕ್ಕೋ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೋ ಹೋಗಿ ಅನ್ನುವುದು ಸುಲಭ, ರಿಂಗ್ ರೋಡಿನ ಆಚೆಯ ಹತ್ತು ಹನ್ನೆರಡು ವರ್ಷದ ಹುಡುಗ ಸಂಜೆ ಟ್ರಾಫಿಕ್‌ನಲ್ಲಿ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಬೇಕಾ? ಟರ್ಫ್ ಅಂತ ಬಂದಿವೆ, ಗಂಟೆ ಲೆಕ್ಕದಲ್ಲಿ ದುಡ್ಡು. ಇದ್ದವರು ಆಡುತ್ತಾರೆ. ಖಾಲಿ ಪ್ಲಾಟ್‌ಗಳಲ್ಲಿ ಆಡುತ್ತಿದ್ದೆವು, ಒಂದೊಂದಾಗಿ ಮನೆ ಎದ್ದವು.

ನಮ್ಮಂಥವರನ್ನೂ ಸಭೆಗೆ ಕರೆಯಿರಿ. ಪಟ್ಟಿ ಬರೆಯುವವರೆಲ್ಲ ನಲವತ್ತು ದಾಟಿದವರು, ಅವರಿಗೆ ಪಾರ್ಕ್ ಅಂದರೆ ವಾಕಿಂಗ್.

---

ಎರೆಮಣ್ಣು

ತಮ್ಮಾ, ನ್ಯಾಯವಾದ ಮಾತು. ಆದರೆ ಅಳತೆ ನೋಡು. ಎಕರೆ ಜಾಗ ಅಂದರೆ ಒಂದು ಬದಿ 63 ಮೀಟರ್, ಅದರಲ್ಲಿ ಮರದ ಸಾಲು, ದಾರಿ ಬಿಟ್ಟರೆ ಉಳಿಯುವುದು ನಲವತ್ತೈದು ಐವತ್ತು. ಕ್ರಿಕೆಟ್ ಪಿಚ್ಚೇ 20 ಮೀಟರ್ ಚಿಲ್ಲರೆ. ನಿಜವಾದ ಕ್ರಿಕೆಟ್ ಇಲ್ಲಿ ಆಗುವುದಿಲ್ಲ, ಚೆಂಡು ಮಕ್ಕಳ ತಲೆಗೇ ಬೀಳುತ್ತದೆ. ಆದರೆ ವಾಲಿಬಾಲ್ ಅಂಕಣ 18 ಕ್ಕೆ 9 ಮೀಟರ್, ಸುತ್ತ ಮೂರು ಮೂರು ಮೀಟರ್ ಬಿಟ್ಟರೂ 24 ಕ್ಕೆ 15. ಕಬಡ್ಡಿ 13 ಕ್ಕೆ 10. ಎರಡನ್ನೂ ಒಂದೇ ಗರಸಿನ ಅಂಕಣದಲ್ಲಿ ಸುಣ್ಣದ ಗೆರೆ ಹಾಕಿ ಆಡಬಹುದು, ಎರಡು ಕಂಬ, ಒಂದು ನೆಟ್, ಎರಡು ಫ್ಲಡ್‌ಲೈಟ್. ಓಪನ್ ಜಿಮ್‌ಗೆ ಹಾಕುವ ದುಡ್ಡಿಗಿಂತ ಕಡಿಮೆ. ಸಣ್ಣ ಹುಡುಗರು ಅದೇ ಅಂಕಣದಲ್ಲಿ ರಬ್ಬರ್ ಚೆಂಡಿನ ಕ್ರಿಕೆಟ್ ಆಡಿಕೊಳ್ಳಲಿ, ಯಾರು ತಡೆಯುತ್ತಾರೆ.

ದೊಡ್ಡ ಆಟಕ್ಕೆ ಸರ್ಕಾರಿ ಶಾಲೆ ಮೈದಾನ ನೋಡಿ. ಸಂಜೆ ಐದರ ಮೇಲೆ, ರಜೆ ದಿನ ಬೀಗ ಹಾಕಿರುತ್ತಾರೆ. ಶಾಲಾಭಿವೃದ್ಧಿ ಸಮಿತಿ ಒಪ್ಪಿದರೆ ಅದು ಊರಿಗೆ ಸಿಗುವ ಪುಕ್ಕಟೆ ಮೈದಾನ. ಒಡೆದುಹೋದ ಸಾಮಾನಿಗೆ ಯಾರು ಜವಾಬ್ದಾರಿ ಅನ್ನುವ ಒಂದೇ ಪ್ರಶ್ನೆಗೆ ಎಲ್ಲ ಕಡೆ ಮಾತು ನಿಂತಿರುತ್ತದೆ, ಅದನ್ನು ಬರೆದು ಸಹಿ ಮಾಡಿ ಕೊಡಿ.

---

ಸಂಜೆ ಏಳರ ನಂತರ

ಇಷ್ಟು ಹೊತ್ತಾಯ್ತು, ಹೆಣ್ಣುಮಕ್ಕಳ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಅಂದರೆ ಹೊರಗಿರುವುದು ಕಷ್ಟ ಅಂತ ಸರ್ಕಾರವೇ ಒಪ್ಪಿದ ಹಾಗೆ. ಆದರೆ ಪಾರ್ಕಿನ ಗೇಟಿನ ಸಮಯ ಯಾರೋ ತಂಪು ಊರಿನವರು ಬರೆದಂತಿರುತ್ತದೆ. ಸಂಜೆ ಏಳಕ್ಕೆ ಬೀಗ. ನಮ್ಮಲ್ಲಿ ಏಳಕ್ಕೆ ಗೋಡೆಗಳೇ ಇನ್ನೂ ಬಿಸಿ ಇರುತ್ತವೆ. ಅಡುಗೆ ಕೆಲಸ ಮುಗಿಸಿ ಹೆಂಗಸರು ಹೊರಗೆ ಬರುವುದು ಆಮೇಲೆ. ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೆ ತೆರೆದಿರಬೇಕು, ಬೆಳಿಗ್ಗೆ ಐದಕ್ಕೆ ತೆಗೆಯಬೇಕು ಅಂತ ಪಟ್ಟಿಯಲ್ಲಿ ಮೊದಲ ಸಾಲೇ ಬರೆಯಿರಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದಷ್ಟೇ ಪ್ರಶ್ನೆ.

ಇನ್ನು ಕಾಂಪೌಂಡ್. ಆಳೆತ್ತರದ ಗೋಡೆ ಕಟ್ಟಿದರೆ ಭದ್ರ ಅಂತ ಗಂಡಸರು ತಿಳಿದಿದ್ದಾರೆ. ಒಳಗೆ ಯಾರಿದ್ದಾರೆ ಅಂತ ರಸ್ತೆಯಿಂದ ಕಾಣದ ಪಾರ್ಕಿಗೆ ನಾವು ಕಾಲಿಡುವುದಿಲ್ಲ. ಎರಡಡಿ ಗೋಡೆ, ಮೇಲೆ ಗ್ರಿಲ್, ಅಷ್ಟು ಸಾಕು, ಆಚೆ ಕಿರಾಣಿ ಅಂಗಡಿಯವನಿಗೆ ಒಳಗಿನದು ಕಾಣಬೇಕು. ದೀಪ ಹಾಕುವಾಗ ಗೇಟಿನ ಹತ್ತಿರ ಒಂದು ದೊಡ್ಡ ಹೈಮಾಸ್ಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದರ ಬೆಳಕಿಗೆ ಮರದ ಕೆಳಗೆ ಇನ್ನೂ ಕತ್ತಲೆ. ದಾರಿಯುದ್ದಕ್ಕೂ ಸಣ್ಣ ಕಂಬ ಇರಲಿ. ಗೇಟ್ ಎರಡು ಇರಲಿ, ಎದುರು ಬದುರು.

ಶೌಚಾಲಯ ಕೇಳಬೇಕಾ ಬೇಡವಾ ಅಂತ ನನಗೂ ಗೊಂದಲ. ಇಲ್ಲದಿದ್ದರೆ ವಯಸ್ಸಾದವರು, ಸಣ್ಣ ಮಕ್ಕಳ ತಾಯಂದಿರು ಬರುವುದಿಲ್ಲ. ಕಟ್ಟಿಸಿದರೆ ತೊಳೆಯುವವರು ಇರುವುದಿಲ್ಲ, ಮೂರು ತಿಂಗಳಿಗೆ ಬೀಗ. ತೊಳೆಯುವವರ ಸಂಬಳ ಬರೆದಿಲ್ಲದ ಶೌಚಾಲಯ ಬೇಡ ಅನ್ನುವುದು ನನ್ನ ಅಭಿಪ್ರಾಯ, ಬೇರೆಯವರು ಜಗಳ ಮಾಡಬಹುದು. ಕುಡಿಯುವ ನೀರು ಮಾತ್ರ ಬೇಕೇ ಬೇಕು, ಮಣ್ಣಿನ ಹರವಿ ಇಟ್ಟರೂ ಸರಿ.

ಮಕ್ಕಳ ಜಾರುಬಂಡಿ ಸ್ಟೀಲಿನದು ಹಾಕಿದರೆ ಸಂಜೆ ಐದಕ್ಕೂ ರೊಟ್ಟಿ ಹಂಚಿನಂತೆ ಕಾದಿರುತ್ತದೆ. ಮಗು ಒಮ್ಮೆ ತೊಡೆ ಸುಟ್ಟುಕೊಂಡರೆ ಮತ್ತೆ ಆ ಕಡೆ ಹೋಗುವುದಿಲ್ಲ. ಓಪನ್ ಜಿಮ್ ಹಿಡಿಕೆಗಳದೂ ಇದೇ ಕಥೆ. ಜೋಕಾಲಿ ಜಾಸ್ತಿ ಇರಲಿ. ದೊಡ್ಡವರು ಕೂರುವಂಥದ್ದೂ ಒಂದಿರಲಿ, ಪಂಚಮಿಗೆ ಜೋಕಾಲಿ ಕಟ್ಟಲು ಈಗ ಯಾರ ಮನೆಯಲ್ಲಿ ತೊಲೆ ಇದೆ, ಯಾರ ಅಂಗಳದಲ್ಲಿ ಮರ ಇದೆ?

ಇನ್ನೊಂದು. ಎಳ್ಳ ಅಮವಾಸ್ಯೆಗೆ ಹೊಲ ಇಲ್ಲದವರು ಬುತ್ತಿ ಕಟ್ಟಿಕೊಂಡು ಪಾರ್ಕಿಗೇ ಹೋಗುತ್ತಾರೆ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಎಲ್ಲ. ಆವತ್ತು ಪಬ್ಲಿಕ್ ಗಾರ್ಡನ್‌ನಲ್ಲಿ ಜಮಖಾನ ಹಾಸಲು ಜಾಗ ಹುಡುಕಬೇಕು. ಬೆಂಚಿಗಿಂತ ನಮಗೆ ಬೇಕಾದದ್ದು ಹತ್ತು ಜನ ದುಂಡಗೆ ಕೂರುವ ನೆರಳಿನ ಕಟ್ಟೆ. ಇದನ್ನು ಯಾವ ಎಸ್ಟಿಮೇಟೂ ಬರೆಯುವುದಿಲ್ಲ.

---

ಕಡತದ ಹಿಂದೆ

ಏನು ಬೇಕು ಅನ್ನುವುದನ್ನು ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಎಲ್ಲಿಂದ ಬರುತ್ತದೆ, ಹೇಗೆ ಉಳಿಯುತ್ತದೆ ಅನ್ನುವುದು ನನಗೆ ಗೊತ್ತಿರುವ ವಿಷಯ.

ಮೊದಲು ಜಾಗ ಯಾರ ಹೆಸರಲ್ಲಿದೆ ನೋಡಿ. ಲೇಔಟ್ ನಕ್ಷೆಯಲ್ಲಿ ಪಾರ್ಕ್ ಅಂತ ಹಸಿರು ಬಣ್ಣ ಬಳಿದಿದ್ದರೆ ಸಾಲದು. ಖಾಸಗಿ ಲೇಔಟ್ ಆಗಿದ್ದರೆ ಅದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಲ್ಲಿಂದ ಪಾಲಿಕೆಗೆ ಹಸ್ತಾಂತರ ಆಗಿರಬೇಕು. ಆಗಿಲ್ಲ ಅಂದರೆ ಕಾಮಗಾರಿಗೆ ದುಡ್ಡು ಹಾಕುವುದೇ ಕಷ್ಟ, ಕಡತ ಅಲ್ಲೇ ನಿಲ್ಲುತ್ತದೆ. ಮಂಜೂರಾದ ನಕ್ಷೆ ಮತ್ತು ಹಸ್ತಾಂತರ ಪತ್ರದ ಪ್ರತಿ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು, ಪುರಾಣ ಬರೆಯಬೇಡಿ.

ಪಾರ್ಕ್ ಜಾಗವನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಪಾಡಲು ನಮ್ಮ ರಾಜ್ಯದ್ದೇ 1985ರ ಕಾಯ್ದೆ ಇದೆ, ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಾರ್ಕಿಗೆ ಬಿಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟಿದ್ದನ್ನೇ ಒಪ್ಪಲಿಲ್ಲ. ಆಸ್ಪತ್ರೆಗೇ ಇಲ್ಲ ಅಂದ ಮೇಲೆ ಮೊಬೈಲ್ ಟವರ್, ಗೋದಾಮು ಎಲ್ಲಿಯ ಮಾತು. ಗುಡಿ ಕೇಳಿದ ಹಿರಿಯರಿಗೆ ಮೆತ್ತಗೆ ಹೇಳಿ: 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ರಸ್ತೆ, ಪಾರ್ಕುಗಳಲ್ಲಿ ಯಾವ ಧರ್ಮದ ಹೊಸ ಕಟ್ಟಡಕ್ಕೂ ಅವಕಾಶ ಕೊಡಬಾರದು ಅಂತ ಆದೇಶ ಮಾಡಿದೆ. ಈ ಒಂದು ಸಾಲು ತೋರಿಸಿದರೆ ಬಡಾವಣೆಯಲ್ಲಿ ಜಗಳ ಇಲ್ಲದೆ ಮುಗಿಯುತ್ತದೆ, ಯಾರೂ ಯಾರ ವಿರುದ್ಧವೂ ಅಲ್ಲ.

ದುಡ್ಡಿನ ಮೂಲಗಳು ಹಲವು. ಸಂವಿಧಾನದ 12ನೇ ಅನುಸೂಚಿಯಲ್ಲಿ ಪಾರ್ಕು, ಮೈದಾನ ನಗರಾಡಳಿತದ ಕೆಲಸ ಅಂತ ಇದೆ, ಹಾಗಾಗಿ ಪಾಲಿಕೆಯ ಸ್ವಂತ ಬಜೆಟ್ ಮೊದಲನೆಯದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2015ರಲ್ಲಿ ಶುರುವಾದ, ನಗರಗಳ ನೀರು, ಒಳಚರಂಡಿಗೆ ಕೇಂದ್ರ ಸರ್ಕಾರ ತಂದ ಅಮೃತ್ ಯೋಜನೆಯಲ್ಲಿ ಕಲಬುರಗಿಯೂ ಇತ್ತು, ಆದರೆ ಅದರಲ್ಲಿ ಪಾರ್ಕುಗಳಿಗೆ ಒಟ್ಟು ವೆಚ್ಚದ ಶೇ. 2.5 ಮಾತ್ರ ಮಿತಿ. ನೀರು, ಒಳಚರಂಡಿ ಮುಂದೆ ಪಾರ್ಕು ಯಾವತ್ತೂ ಕೊನೆಯ ಸಾಲು, ಅದರಲ್ಲಿ ತಪ್ಪು ಹುಡುಕಲಾರೆ.

ಈಗ ಅಸಲು ವಿಷಯ. ಇವುಗಳಲ್ಲಿ ಬಹುತೇಕ ದುಡ್ಡು ಕಟ್ಟುವುದಕ್ಕೆ ಸಿಗುತ್ತದೆ, ಕಾಯುವುದಕ್ಕೆ ಸಿಗುವುದಿಲ್ಲ. ನಿಮ್ಮ ಆಸ್ತಿ ತೆರಿಗೆ ರಸೀದಿ ನೋಡಿ, ಆರೋಗ್ಯಕ್ಕೆ, ಗ್ರಂಥಾಲಯಕ್ಕೆ, ಭಿಕ್ಷುಕರ ಪುನರ್ವಸತಿಗೆ ಸೆಸ್ ಇದೆ, ಪಾರ್ಕಿಗೆ ಇಲ್ಲ. ಗೇಟು, ಕಮಾನು, ಜಿಮ್ ಸಾಮಾನು ಒಂದೇ ಬಿಲ್ಲಿನಲ್ಲಿ ಮುಗಿಯುತ್ತವೆ, ಅದಕ್ಕೇ ಎಲ್ಲ ಪಾರ್ಕಿಗೂ ಅವೇ ಬರುತ್ತವೆ. ಮಾಲಿಯ ಸಂಬಳ ತಿಂಗಳು ತಿಂಗಳು ಬೇಕು, ಅದನ್ನು ಯಾರೂ ಉದ್ಘಾಟನೆ ಮಾಡುವಂತಿಲ್ಲ.

ಹಾಗಾಗಿ ಟೆಂಡರ್ ಕರೆಯುವ ಮುಂಚೆ ಹಿಡಿಯಿರಿ. ಗಿಡ ಹಚ್ಚುವುದು ಮತ್ತು ಮೂರು ವರ್ಷ ನೀರು ಹಾಕಿ ಉಳಿಸುವುದು ಒಂದೇ ಟೆಂಡರಿನಲ್ಲಿ ಇರಲಿ, ಸತ್ತ ಗಿಡಕ್ಕೆ ಬೇರೆ ಗಿಡ ಹಚ್ಚುವ ಷರತ್ತು ಇರಲಿ, ಬಿಲ್ಲಿನ ಒಂದು ಪಾಲು ವರ್ಷಕ್ಕೊಮ್ಮೆ ಬದುಕಿದ ಗಿಡ ಎಣಿಸಿ ಕೊಡುವಂತಿರಲಿ. ಟೆಂಡರ್ ಆದ ಮೇಲೆ ಈ ಮಾತು ಯಾರೂ ಕೇಳುವುದಿಲ್ಲ. ವಾರ್ಡ್ ಸಮಿತಿ ನಿಮ್ಮಲ್ಲಿ ಆಗಿದ್ದರೆ ಅದರ ಠರಾವು ತೆಗೆದುಕೊಳ್ಳಿ, ಅದರಲ್ಲಿ ಮೂವರು ಮಹಿಳೆಯರು, ನಿವಾಸಿಗಳ ಸಂಘದ ಇಬ್ಬರು ಇರಬೇಕು ಅಂತ ಪಾಲಿಕೆಗಳ ಕಾಯ್ದೆಯೇ ಹೇಳುತ್ತದೆ. ಆಗಿಲ್ಲದಿದ್ದರೆ ಬಡಾವಣೆಯವರ ಸಹಿಗಳೊಂದಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಕಾಗದ ಕಾಗದವೇ ಅಲ್ಲ.

---

ಬೀದರಿನಿಂದ

ಪಕ್ಕದ ಜಿಲ್ಲೆಯವನು, ಒಂದು ಮಾತು. ನಮ್ಮಲ್ಲಿ ಬರೀದ್ ಶಾಹಿ ಉದ್ಯಾನ ಇದೆ, ಅಲೀ ಬರೀದನ ಗೋರಿಯ ಸುತ್ತ. ಬೆಳಿಗ್ಗೆ ಊರೇ ಅಲ್ಲಿ ನಡೆಯುತ್ತದೆ. ಅಲ್ಲಿಗೆ ಜನ ಹೋಗುವುದು ಜಾಗ ದೊಡ್ಡದು, ಮರ ಇವೆ, ನೋಡಲು ಒಂದು ಹಳೆಯ ಕಟ್ಟಡ ಇದೆ ಅಂತ. ಕಲಬುರಗಿಯಲ್ಲಿ ಕೋಟೆ ಇದೆ, 1367ರ ಜಾಮಿ ಮಸೀದಿ ಇದೆ, ಸುತ್ತ ಕಂದಕ ಇದೆ. ಊರ ನಡುವೆ ಅಷ್ಟು ದೊಡ್ಡ ಬಯಲು ಇಟ್ಟುಕೊಂಡು ಎಕರೆ ಎಕರೆ ಪಾರ್ಕಿಗೆ ಒದ್ದಾಡುತ್ತೀರಲ್ಲ. ಸ್ಮಾರಕದಿಂದ 100 ಮೀಟರ್ ಕಟ್ಟಡ ನಿಷೇಧ, ಆಮೇಲಿನ 200 ಮೀಟರ್ ಅನುಮತಿ ಬೇಕು, ಅದು ನಿಜ. ಆದರೆ ನಡೆಯುವ ದಾರಿ, ಸ್ವಚ್ಛತೆ, ದೀಪಕ್ಕೆ ಪುರಾತತ್ವ ಇಲಾಖೆ ಜತೆ ಕೂತು ಮಾತಾಡಿದರೆ ಆಗದ್ದೇನಲ್ಲ.

---

ಬೇವಿನಕಟ್ಟೆ

ಬೀದರಿನವರೇ, ಕೋಟೆಯೊಳಗೆ ತಲೆತಲಾಂತರದಿಂದ ಮನೆ ಮಾಡಿಕೊಂಡವರಿದ್ದಾರೆ, ಅದನ್ನು ಪಾರ್ಕ್ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಆದರೂ ಊರಿಗೆ ದೊಡ್ಡ ಜಾಗ, ಬಡಾವಣೆಗೆ ಸಣ್ಣ ಜಾಗ ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಆಗುವುದಿಲ್ಲ. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ನಡೆದು ಹೋಗಬಹುದಾದ ದೂರ ಅಂತ ಒಂದಿದೆ, ಬಿಸಿಲೂರಲ್ಲಿ ಅದು ಇನ್ನೂ ಕಡಿಮೆ.

ನೀರಿನ ಬಗ್ಗೆ ಬಿಟ್ಟುಹೋಗಿತ್ತು. ಒಳಚರಂಡಿ ನೀರು ಶುದ್ಧ ಮಾಡುವ ಘಟಕ ಕಪನೂರಿನಲ್ಲಿದೆ. ಗಿಡಕ್ಕೆ ಆ ನೀರು ಸಾಕು, ಕುಡಿಯುವ ನೀರೇ ಬೇಕಿಲ್ಲ. ಟ್ಯಾಂಕರ್‌ನಲ್ಲಿ ಆ ನೀರು ತರಿಸುವ ವ್ಯವಸ್ಥೆ ಪಟ್ಟಿಯಲ್ಲಿ ಸೇರಿಸಿ, ಪಾರ್ಕಿನೊಳಗೆ ಒಂದು ತೊಟ್ಟಿ ಕಟ್ಟಿಸಿ, ಮುಚ್ಚಳ ಇರಲಿ. ಮಕ್ಕಳು ಕೈ ಹಾಕುವ ಕಡೆ ಬೇಡ.

---

ರಿಂಗ್‌ರೋಡ್ ಪಕ್ಕದವ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಶರಣ್ರಿ. ಪಟ್ಟಿ ಹೊಸದಾಗಿ ಬರೆಯುತ್ತಿದ್ದೇನೆ. ಗೇಟಿನ ಸಮಯ ಮೇಲೆ, ಆಮೇಲೆ ನೀರು ಹೋಗುವ ದಾರಿ, ಮರ ಮತ್ತು ಮೂರು ವರ್ಷದ ಮಾಲಿ ಒಟ್ಟಿಗೆ, ಗರಸಿನ ದಾರಿ, ಕಟ್ಟೆ, ದೀಪ, ಒಂದು ಅಂಕಣ, ಜೋಕಾಲಿ. ಕಾರಂಜಿ, ಲಾನ್, ಕಮಾನು ತೆಗೆದೆ. ಸೆಲ್ಫಿ ಪಾಯಿಂಟ್ ಕೇಳಿದವರು ಸಿಟ್ಟಾಗಿದ್ದಾರೆ, ಆಗಲಿ. ಗುಡಿ ಕೇಳಿದವರಿಗೆ 2009ರ ಆದೇಶ ಹೇಳಿದೆ, ಹಾಗಾದರೆ ಅರಳಿ ಗಿಡ ಹಚ್ಚಿ ಅಂದರು. ಅದು ಕಾಂಪೌಂಡಿನಿಂದ ದೂರ ಇರಲಿ ಅಂತ ಬೇವಿನಕಟ್ಟೆಯವರ ಮಾತು ದಾಟಿಸಿದ್ದೇನೆ.

ಒಂದೇ ಒಂದು ಉಳಿದಿದೆ. ಶೌಚಾಲಯ. ಗುಂಪಿನಲ್ಲಿ ಅರ್ಧ ಜನ ಬೇಕು, ಅರ್ಧ ಜನ ಬೇಡ. ಪಾರ್ಕಿನ ಎದುರು ಅಂಗನವಾಡಿ ಇದೆ, ಅಲ್ಲಿ ಇದ್ದದ್ದನ್ನೇ ಸಂಜೆ ತೆರೆಸಬಹುದಾ?

---

ಸಂಜೆ ಏಳರ ನಂತರ

ಅಂಗನವಾಡಿಯ ಮೇಲೆ ಹಾಕಬೇಡಿ, ಆ ಕಾರ್ಯಕರ್ತೆಯರಿಗೆ ಈಗಲೇ ಕೆಲಸ ಜಾಸ್ತಿ, ಬೆಳಿಗ್ಗೆ ಬಂದು ತೊಳೆಯಬೇಕಾದವರೂ ಅವರೇ ಆಗುತ್ತಾರೆ. ಮಾಲಿಯ ಜತೆ ಸ್ವಚ್ಛತೆಗೆ ಒಬ್ಬರ ಅರ್ಧ ದಿನದ ಸಂಬಳ ಅದೇ ಮೂರು ವರ್ಷದ ಟೆಂಡರಿನಲ್ಲಿ ಸೇರುತ್ತದಾ ಅಂತ ಮೊದಲು ಕೇಳಿ. ಸೇರಿದರೆ ಕಟ್ಟಿಸಿ. ಸೇರದಿದ್ದರೆ ಜಾಗ, ನೀರಿನ ಪೈಪು, ಚರಂಡಿ ಸಂಪರ್ಕ ಮಾತ್ರ ಬಿಡಿಸಿಟ್ಟುಕೊಳ್ಳಿ.

---

ಟೆನ್ನಿಸ್‌ಬಾಲ್

ಅಂಕಣ ಪಟ್ಟಿಗೆ ಸೇರಿಸಿದ್ದಕ್ಕೆ ಥ್ಯಾಂಕ್ಸ್ ಅಣ್ಣಾ. ಎಲ್ಲಿ ಬರಬೇಕು ಅಂತ ನಾವೇ ಅಳೆದು ಕೊಡುತ್ತೇವೆ, ಟೇಪ್ ಯಾರ ಹತ್ತಿರ ಇದೆ?

---

ಎರೆಮಣ್ಣು

ನನ್ನ ಹತ್ತಿರ ಐವತ್ತು ಮೀಟರಿನದು ಇದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ, ಬಿಸಿಲು ಏರುವ ಮುಂಚೆ. ಉದ್ದ ಬದಿ ಉತ್ತರ ದಕ್ಷಿಣ ಇಟ್ಟುಕೊಳ್ಳಿ, ಇಲ್ಲಾಂದರೆ ಸಂಜೆ ಒಂದು ತಂಡದ ಕಣ್ಣಿಗೆ ಸೂರ್ಯ. ಸುಣ್ಣ, ಹಗ್ಗ ನೀವು ತನ್ನಿ.